ಹಂಪಮ್ಮ ಮೇಡಂ ಸಿನಿಮಾ ನೋಡುತ್ತಿದ್ದ ರೀತಿ

ಹಂಪಮ್ಮ ಮೇಡಂ ಸಿನಿಮಾ ನೋಡುವಾಗ ನಾಯಕನನ್ನಾಗಲಿ ನಾಯಕಿಯನ್ನಾಗಲಿ ನೋಡುತ್ತಿರಲಿಲ್ಲ. ಅವರ ಕಣ್ಣು ಹಿಂದೆ ನಿಂತವರ ಮೇಲಿರುತ್ತಿತ್ತು. ಪರದೇಶದ ಯಾವುದೋ ಧಾರಾವಾಹಿಯಲ್ಲಿ ಹುಡುಗಿಯೊಬ್ಬಳು ಗೋಡೆಯಷ್ಟು ದೊಡ್ಡ ಗಾಜಿನ ಕಿಟಕಿಯ ಮುಂದೆ ನಿಂತು ಅಳುತ್ತಿದ್ದರೆ ನಾವೂ ಅಳುತ್ತಿದ್ದೆವು. ಮೇಡಂ ಕನ್ನಡಕ ಸರಿಪಡಿಸಿಕೊಂಡು, "ಅಲ್ಲಾ, ಇಷ್ಟು ದೊಡ್ಡ ಕಿಟಕಿ ಒರಸೋರು ಯಾರು?" ಎಂದು ಕೇಳುತ್ತಿದ್ದರು. ಅಲ್ಲಿಗೆ ನಮ್ಮ ಅಳು ನಿಂತುಹೋಗುತ್ತಿತ್ತು.

ಬಳ್ಳಾರಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಅವರು ನಮಗೆ ಇತಿಹಾಸ ಕಲಿಸುತ್ತಿದ್ದರು. ಕುಳ್ಳಗಿನ ಗಟ್ಟಿ ದೇಹ, ಅಗಲ ಚೌಕುಳಿಯ ನೂಲಿನ ಸೀರೆ, ತುರುಬಿನಲ್ಲಿ ಸಿಕ್ಕಿಸಿದ ಕೆಂಪು ಪೆನ್ನು. ಗಾಂಧಿನಗರದ ಮನೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಬೇಸಿಗೆಯಲ್ಲಿ ಹೆಲ್ಮೆಟ್ಟಿನೊಳಗೆ ಒದ್ದೆ ಟವೆಲ್ಲು ಮಡಿಸಿಟ್ಟುಕೊಳ್ಳುವುದು ಅವರ ರೂಢಿ. ತರಗತಿಗೆ ಬಂದವರೇ ಅದನ್ನು ಕಿಟಕಿಯ ಸರಳಿಗೆ ಹರವಿ ಪಾಠ ಶುರುಮಾಡುವರು. ಗಂಟೆ ಹೊಡೆಯುವಷ್ಟರಲ್ಲಿ ಟವೆಲ್ಲು ಹಪ್ಪಳದಂತೆ ಗರಿಗರಿಯಾಗಿರುತ್ತಿತ್ತು.

ಅವರಷ್ಟು ಸಿನಿಮಾ ನೋಡಿದವರನ್ನು ನಾನು ಈವರೆಗೆ ಕಂಡಿಲ್ಲ. ತೆಲುಗಿನವು ಸರಿಯೇ ಸರಿ, ಬಳ್ಳಾರಿಯಲ್ಲಿ ಅವನ್ನು ನೋಡದವರು ಯಾರು? ಇವರು ಇರಾನಿನವು, ಟರ್ಕಿಯವು, ಕೊರಿಯಾದವು, ಅಮೆರಿಕದವು ಎಲ್ಲವನ್ನೂ ನೋಡುತ್ತಿದ್ದರು. ನಾವು ಮೊಬೈಲಿನಲ್ಲಿ ಕದ್ದು ನೋಡುತ್ತಿದ್ದ ಧಾರಾವಾಹಿಗಳ ಮುಂದಿನ ಕಂತು ಅವರಿಗೆ ಮೊದಲೇ ಗೊತ್ತಿರುತ್ತಿತ್ತು. ಹಾಗಾಗಿ ಸಿನಿಮಾ ಕೆಟ್ಟದ್ದು ಅಂತ ಅವರು ಹೇಳಿದರೆ ನಾವು ನಗುತ್ತಿದ್ದೆವೇನೋ. ಅವರು ಹಾಗೆ ಹೇಳಲೇ ಇಲ್ಲ. "ಸಿನಿಮಾ ಸುಳ್ಳು ಹೇಳಂಗಿಲ್ಲ, ಅರ್ಧ ಹೇಳತೈತಿ. ಉಳಿದರ್ಧ ನಾವ ತುಂಬಿರ್ತೀವಿ" ಎನ್ನುತ್ತಿದ್ದರು.

ನಾನು ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಹೋಗುವಾಗ ಒಂದು ಕಂತು, ಬರುವಾಗ ಒಂದು ಕಂತು, ಎಲ್ಲ ಕೊರಿಯಾದ್ದು. ಆ ದೇಶದಲ್ಲಿ ಗಂಡಸರೆಲ್ಲ ಹುಡುಗಿಯರಿಗೆ ಕೊಡೆ ಹಿಡಿಯುತ್ತಾರೆ, ಅಡುಗೆ ಮಾಡಿ ಬಡಿಸುತ್ತಾರೆ, ಯಾರಿಗೂ ಮುಖದಲ್ಲಿ ಮೊಡವೆ ಏಳುವುದಿಲ್ಲ ಎಂದು ನಾನು ಮನಸಾರೆ ನಂಬಿದ್ದೆ. ಅವರಂತೆ ಹಣೆಯ ಮೇಲೆ ಕೂದಲು ಕತ್ತರಿಸಿಕೊಂಡು ಬಂದ ದಿನ ಮೇಡಂ ನನ್ನನ್ನು ನಿಲ್ಲಿಸಿದರು.

"ಸುಮಾ, ಆ ದೇಶದಾಗ ಮುದುಕ್ಯಾರು ಇಲ್ಲೇನು?"

"ಇರ್ತಾರ್ರಿ ಮೇಡಂ."

"ಎಷ್ಟು ಮಂದೀನ ನೋಡೀದಿ?"

ನನಗೆ ಒಬ್ಬಳೂ ನೆನಪಾಗಲಿಲ್ಲ. ಆಗ ಅವರು ಕೊಟ್ಟ ಮನೆಗೆಲಸ ವಿಚಿತ್ರವಾಗಿತ್ತು. ಒಂದು ಕಂತನ್ನು ದನಿ ಆರಿಸಿ ನೋಡಬೇಕು. ಇಡೀ ಕಂತಿನಲ್ಲಿ ಒಂದೂ ಮಾತಾಡದವರ ಪಟ್ಟಿ ಮಾಡಿ ತರಬೇಕು. ಬಸ್ಸಿನಲ್ಲಿ ಕೂತು ಮಾಡಿದೆ. ಡ್ರೈವರು, ತಟ್ಟೆ ಎತ್ತುವವನು, ಲಿಫ್ಟಿನ ಮೂಲೆಯಲ್ಲಿ ನೆಲ ಒರೆಸುವವಳು. ನಾಯಕಿ ಅಳುತ್ತ ಸಂತೆಯೊಳಗೆ ಓಡುವಾಗ ಅವಳ ಹಿಂದೆ ಎರಡೇ ಕ್ಷಣ ಒಬ್ಬ ಹೆಂಗಸು ಕಂಡಳು. ಮೋಟು ಸ್ಟೂಲಿನ ಮೇಲೆ ಒಂದು ಮಂಡಿ ಮಡಚಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಮ್ಮವ್ವ ಕೂರುವುದು ಥೇಟ್ ಹಾಗೆಯೇ. ಆ ಎರಡು ಕ್ಷಣವನ್ನು ನಾನು ಬಳ್ಳಾರಿ ಬರುವವರೆಗೆ ಹಿಂದೆ ಮುಂದೆ ಮಾಡಿ ನೋಡಿದೆ.

ಪಟ್ಟಿಯನ್ನು ತರಗತಿಯಲ್ಲಿ ಓದಿಸಿದ ಮೇಡಂ ಬೆಳ್ಳುಳ್ಳಿಯವಳ ಹತ್ತಿರ ಬಂದಾಗ ಕೈ ಎತ್ತಿ ನಿಲ್ಲಿಸಿದರು. "ಇಕಿನ್ನ ನೆನಪಿನಾಗ ಇಟಗೋ. ನಾಳೆ ಆ ದೇಶಕ್ಕ ಹೋಗಿ ದಾರಿ ತಪ್ಪಿದ್ರ ನಿನಗ ದಾರಿ ಹೇಳಾಕಿ ಇಕಿನ. ಆ ಕೊಡಿ ಹಿಡದಾವ ಅಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಪಾಠ ಕಲಿತೆ ಅಂದುಕೊಂಡೆ. ಆದರೆ ಒಂದು ದೇಶಕ್ಕೆ ಕಲಿತ ಬುದ್ಧಿ ಇನ್ನೊಂದು ದೇಶಕ್ಕೆ ಬರಲಿಲ್ಲ.

ಆ ವರ್ಷ ಕಾಲೇಜಿನಲ್ಲಿ ಲೋಕದ ಸಂಸ್ಕೃತಿಗಳ ದಿನ ಅಂತ ಒಂದು ಕಾರ್ಯಕ್ರಮ ಇಟ್ಟರು. ತರಗತಿಗೊಂದರಂತೆ ಚೀಟಿ ಎತ್ತಿಸಿದರು. ಒಬ್ಬರಿಗೆ ಜಪಾನ್ ಬಂತು, ಒಬ್ಬರಿಗೆ ಫ್ರಾನ್ಸ್, ಒಬ್ಬರಿಗೆ ಈಜಿಪ್ಟ್. ನಮ್ಮ ಚೀಟಿಯಲ್ಲಿ ಆಫ್ರಿಕಾ ಎಂದಿತ್ತು. ಉಳಿದವರಿಗೆಲ್ಲ ದೇಶ ಸಿಕ್ಕಿತ್ತು, ನಮಗೊಬ್ಬರಿಗೆ ಖಂಡ ಸಿಕ್ಕಿತ್ತು. ಅದು ಚೀಟಿ ಬರೆದವರಿಗೂ ಹೊಳೆದಿರಲಿಲ್ಲ, ಎತ್ತಿದ ನಮಗೂ ಹೊಳೆಯಲಿಲ್ಲ.

ನಾಟಕ ಬರೆದವಳು ನಾನೇ. ಒಂದು ಕಾಡು, ಅಲ್ಲಿ ಒಬ್ಬ ನಾಯಕ, ಅವನ ಸುತ್ತ ಈಟಿ ಹಿಡಿದು ಕುಣಿಯುವ ಜನ. ದಾರಿ ತಪ್ಪಿ ಬಂದ ಬಿಳಿಯ ಪ್ರವಾಸಿಯನ್ನು ಕಟ್ಟಿಹಾಕಿ ದೊಡ್ಡ ಹಂಡೆಯಲ್ಲಿ ಬೇಯಿಸಲು ಹೊರಡುತ್ತಾರೆ. ಅವನು ಮೊಬೈಲಿನ ಬೆಳಕು ಬಿಟ್ಟಕೂಡಲೇ ದೇವರೆಂದು ತಿಳಿದು ಅಡ್ಡ ಬೀಳುತ್ತಾರೆ. ಇದನ್ನು ನಾನು ಎಲ್ಲಿಂದ ತಂದೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಚಿಕ್ಕಂದಿನಿಂದ ಟಿವಿಯಲ್ಲಿ ನೋಡಿ ನೋಡಿ ಅದು ನನ್ನ ಸ್ವಂತ ನೆನಪಿನಂತೆ ಒಳಗೆ ಕೂತಿತ್ತು. ಬರೆಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಸಿರುಗುಪ್ಪದ ವೀರೇಶ ನಾಯಕನ ವೇಷಕ್ಕೆ ನಿಂತ. ಎತ್ತರದ ಆಳು, ಕುಣಿತದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬಹುಮಾನ ನಮ್ಮದೇ ಎಂದು ಎಲ್ಲರೂ ಹೇಳುತ್ತಿದ್ದರು.

ಮೇಡಂ ನಾಟಕ ಓದಿ ಕಾಗದ ಮಡಚಿದರು. ಬೈಯುತ್ತಾರೆಂದು ಕಾದೆ.

"ಮಾಡ್ರಿ. ಆದ್ರ ಮೊದಲ ಒಬ್ಬರಿಗೆ ತೋರಿಸ್ರಿ. ಅವರು ಹ್ಞೂಂ ಅಂದ್ರ ಸ್ಟೇಜಿಗೆ ಹೋಗ್ರಿ."

"ಯಾರಿಗ್ರಿ ಮೇಡಂ?"

"ನಮ್ಮ ಮನಿ ಮ್ಯಾಲಿನ ರೂಮಿನ್ಯಾಗ ಇರ್ತಾಳ. ಕರಕೊಂಡು ಬರ್ತೀನಿ."

ಕಾರ್ಯಕ್ರಮಕ್ಕೆ ಇನ್ನು ನಾಲ್ಕು ದಿನವಿತ್ತು. ಮಧ್ಯಾಹ್ನ ಸಭಾಂಗಣದಲ್ಲಿ ವೇಷ ಹಾಕಿಕೊಂಡೇ ಅಭ್ಯಾಸ ನಡೆಸಿದ್ದೆವು. ಹುಡುಗರು ಕೊಬ್ಬರಿ ಎಣ್ಣೆಯಲ್ಲಿ ಇದ್ದಿಲ ಪುಡಿ ಕಲಸಿ ಮೈಮುಖಕ್ಕೆ ಬಳಿದುಕೊಂಡಿದ್ದರು. ಸೊಂಟಕ್ಕೆ ಬೇವಿನ ಸೊಪ್ಪು. ಡೋಲು ಏರಿ ಏರಿ ವೀರೇಶ ಈಟಿ ಎತ್ತಿ ನೆಗೆದ ಹೊತ್ತಿಗೆ ಬಾಗಿಲು ತೆರೆಯಿತು. ಮೇಡಂ ಬಂದರು. ಅವರ ಹಿಂದೆ ನರ್ಸಿಂಗ್ ವಿದ್ಯಾರ್ಥಿನಿಯರ ಬಿಳಿಯ ಕೋಟು ಹಾಕಿದ್ದ ಒಬ್ಬ ಹುಡುಗಿ, ನಮ್ಮದೇ ವಯಸ್ಸು, ಹೆಗಲಿಗೆ ಚೀಲ. ಅವಳು ನೀಮಾ. ತಾಂಜಾನಿಯಾದಿಂದ ನರ್ಸಿಂಗ್ ಓದಲು ಬಂದವಳು.

ಡೋಲು ತಾನಾಗಿ ನಿಂತಿತು. ವೀರೇಶ ಎತ್ತಿದ ಈಟಿಯನ್ನು ಇಳಿಸಬೇಕೋ ಬೇಡವೋ ತಿಳಿಯದೆ ಹಾಗೇ ನಿಂತ.

ನೀಮಾ ಮುಂದಿನ ಸಾಲಿನಲ್ಲಿ ಕೂತು ಚೀಲ ತೊಡೆಯ ಮೇಲಿಟ್ಟುಕೊಂಡಳು. "ಯಾಕ ನಿಂತ್ರಿ? ಮುಂದ ಮಾಡ್ರಿ" ಎಂದಳು.

ಅಚ್ಚ ಬಳ್ಳಾರಿ ಕನ್ನಡ. ಒಂದೂವರೆ ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಗಳ ಬಾಯಿಂದ ಕಲಿತದ್ದು ಎಂದು ಆಮೇಲೆ ಗೊತ್ತಾಯಿತು. ಅವಳಿಗೆ ನಮ್ಮ ಮಾತು ತಿಳಿಯುವುದಿಲ್ಲ ಎಂಬ ಒಂದು ಮರೆಯೂ ಉಳಿಯಲಿಲ್ಲ.

"ಇದು ಯಾವ ಊರು?" ಎಂದು ಕೇಳಿದಳು.

ಯಾರೋ ಸಣ್ಣ ದನಿಯಲ್ಲಿ ಆಫ್ರಿಕಾ ಎಂದರು.

"ನಾನೂ ಅಲ್ಲಿಂದನ ಬಂದೀನಿ. ಈ ಊರು ನೋಡಿಲ್ಲ. ಎಲ್ಲೈತಿ ಹೇಳ್ರಿ, ಸೂಟಿಗೆ ಊರಿಗೆ ಹೋದಾಗ ನೋಡಿ ಬರ್ತೀನಿ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. ವೀರೇಶ ಸೊಪ್ಪು ಕಿತ್ತು ಮುಖ ಒರೆಸಿಕೊಳ್ಳತೊಡಗಿದ; ಮಸಿ ಇನ್ನಷ್ಟು ಹರಡಿತು. ಬರೆದವಳು ನಾನೇ ಎನ್ನಬೇಕಿತ್ತು; ಕೈಯಲ್ಲಿದ್ದ ನಾಟಕದ ಕಾಗದವನ್ನು ಬೆನ್ನ ಹಿಂದೆ ಸರಿಸಿದೆ.

ಆಗ ನೀಮಾ ಎದ್ದು ಸ್ಟೇಜಿಗೆ ಬಂದಳು. "ನಮ್ಮ ಸಾಲ್ಯಾಗ ನಾವೂ ಒಂದು ನಾಟಕ ಮಾಡಿದ್ವಿ. ಇಂಡಿಯಾ ಅಂತ. ತೋರಸ್ಲೇನು?" ಎಂದು ನನ್ನ ವೇಲನ್ನು ಕೇಳಿ ಇಸಿದುಕೊಂಡು ತಲೆಯ ಮೇಲೆ ಹೊದ್ದಳು. ಚೀಲದಿಂದ ಲಿಪ್‌ಸ್ಟಿಕ್ ತೆಗೆದು ಹಣೆಗೆ ರೂಪಾಯಿಯಗಲದ ಬೊಟ್ಟು ಇಟ್ಟಳು. ಮೊದಲು ಅತ್ತೆಯಾದಳು. ಹಾಲಿನ ಲೋಟಕ್ಕೆ ವಿಷ ಹಾಕಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೇರಕ್ಕೊಮ್ಮೆ ಗಕ್ಕನೆ ಕತ್ತು ತಿರುಗಿಸಿದಳು. ಪ್ರತಿ ಸಲವೂ ಬಾಯಲ್ಲೇ ಗುಡುಗು ಹೊಡೆಸಿದಳು. ಆಮೇಲೆ ಸೊಸೆಯಾಗಿ ಮೆಟ್ಟಿಲಿಂದ ಉರುಳಿ ಸತ್ತಳು, ಬೇರೆ ಮುಖ ಹೊತ್ತು ವಾಪಸ್ಸು ಬಂದಳು, ಹಾವಾದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಡೋಲಿನವನು ನಗುತ್ತ ನೆಲಕ್ಕೆ ಕೂತುಬಿಟ್ಟ.

"ನಾನು ಇದನ್ನೆಲ್ಲಾ ನಂಬಿದ್ದೆ" ಎಂದಳು ವೇಲು ತೆಗೆಯುತ್ತ. "ನಿಮ್ಮ ಸಿನಿಮಾದಾಗ ಹಾಡು ಬಂತಂದ್ರ ಹಿಮ ಇರ್ತೈತಿ. ಅದಕ್ಕ ನಮ್ಮವ್ವ ಉಣ್ಣಿ ಕೋಟು ಕೊಡಿಸಿ ಕಳಿಸಿದ್ಲು. ಅದನ್ನ ಹಾಕ್ಕೊಂಡು ಬಳ್ಳಾರಿ ಸ್ಟೇಷನ್ನಿನ್ಯಾಗ ಇಳದೆ. ಮೇ ತಿಂಗಳು."

ಮತ್ತೆ ನಗು ಎದ್ದಿತು. ಅದು ಇಳಿಯುವವರೆಗೆ ಅವಳು ಕಾದಳು.

"ಪಾರ್ವತಿನಗರದಾಗ ಒಂದು ರೂಮು ಸಿಕ್ಕಿತ್ತು. ಎಂಟು ದಿನಕ್ಕ ಮಾಲಕರು ಖಾಲಿ ಮಾಡು ಅಂದ್ರು. ಯಾಕ್ರಿ ಅಂದೆ. ನಿಮ್ಮ ದೇಶದೋರು ಎಂಥಾ ಕೆಲಸ ಮಾಡ್ತಾರ ಅಂತ ಸಿನಿಮಾದಾಗ ನೋಡೀವಿ ಅಂದ್ರು. ನಾನು ನಂಬಿದ್ದಕ್ಕ ನಿಮಗೇನೂ ಆಗಲಿಲ್ಲ. ಅವರು ನಂಬಿದ್ದಕ್ಕ ನನ್ನ ಮನಿ ಹೋತು."

ನೆಲಕ್ಕೆ ಕೂತಿದ್ದ ಡೋಲಿನವನು ಎದ್ದು ನಿಂತ. ಮೇಡಂ ಕೊನೆಯ ಸಾಲಿನಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದರು.

ಆ ಸಂಜೆ ಕುರುಗೋಡಿನ ಬಸ್ಸು ಹತ್ತದೆ ಗಾಂಧಿನಗರಕ್ಕೆ ಹೋದೆ. ಮೇಡಂ ಹಜಾರದಲ್ಲಿ ಬುದ್ಧನ ಪಟದ ಕೆಳಗೆ ಕೂತು ಶೇಂಗಾ ಸುಲಿಯುತ್ತಿದ್ದರು. ನೀಮಾಳ ಕ್ಷಮೆ ಕೇಳಲು ಬಂದೆ ಎಂದೆ. "ಡ್ಯೂಟಿಗೆ ಹೋಗ್ಯಾಳ, ಕುಂದ್ರು" ಎಂದು ಒಂದು ಬೊಗಸೆ ಶೇಂಗಾ ನನ್ನ ಮುಂದೆ ಸುರಿದರು.

"ಅಕಿಗೆ ಮೊದಲ ಹೇಳಿ ಕೇಳೇ ಕರಕೊಂಡು ಬಂದೆ. ಹುಡುಗ್ರು ನಿಮ್ಮ ಬಗ್ಗೆ ಕೆಟ್ಟದೊಂದು ನಾಟಕ ಬರದಾರ, ನೋಡ್ತೀಯೇನವ್ವಾ ಅಂತ. ನಾವೂ ಬರದೀವಿ, ನಡೀರಿ ಅಂದ್ಲು. ದೊಡ್ಡ ಮನಸಿನಾಕಿ."

ಸ್ವಲ್ಪ ಹೊತ್ತು ಇಬ್ಬರೂ ಸುಲಿದೆವು. ಆಮೇಲೆ ಅವರು ತಾವಾಗಿಯೇ ಮಾತು ತೆಗೆದರು. ಅವರು ಹುಟ್ಟಿದ್ದು ಸಿರುಗುಪ್ಪ ತಾಲೂಕಿನ ರಾರಾವಿಯಲ್ಲಿ. ತಾಯಿ ಕಂಡವರ ಗದ್ದೆಯಲ್ಲಿ ಭತ್ತ ನಾಟಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದಾಕೆ.

"ನಮ್ಮ ಕೇರಿ ಮಂದೀನ ಸಿನಿಮಾದಾಗ ಹೆಂಗ ತೋರಸ್ತಾರ ನೋಡೀಯೇನು ಸುಮಾ? ಒಂದೋ ಯಾರದರ ಕಾಲಿಗೆ ಬೀಳತಿರ್ತೀವಿ, ಇಲ್ಲಂದ್ರ ಸಾಯ್ತಿರ್ತೀವಿ. ನಮ್ಮವ್ವ ಎಂಥಾ ನಗೂ ನಗ್ತಿದ್ಲು ಗೊತ್ತೈತೇನು? ಗದ್ದ್ಯಾಗ ನಕ್ಕರ ದಂಡಿ ಮ್ಯಾಲಿನ ಬೆಳ್ಳಕ್ಕಿ ಹಾರತಿದ್ವು. ಆ ನಗು ನಾನು ಯಾವ ಸಿನಿಮಾದಾಗೂ ನೋಡಿಲ್ಲ. ಅದಕ್ಕ ಹಿಂದ ನಿಂತೋರನ್ನ ಹುಡುಕ್ತೀನಿ. ಯಾರದರೊಬ್ಬರು ನಕ್ಕಾರೇನು ಅಂತ."

ನಾನು ಅವರ ವಿದ್ಯಾರ್ಥಿನಿಯಾಗಿ ಎರಡು ವರ್ಷ ಕಳೆದಿತ್ತು. ಅವರ ತಮಾಷೆಯ ಪ್ರಶ್ನೆಗಳ ಹಿಂದೆ ಏನಿತ್ತು ಎಂದು ಆ ಸಂಜೆ ತಿಳಿಯಿತು. ನೀಮಾ ಬಂದಾಗ ನಾನು ಕಲಿತಿಟ್ಟುಕೊಂಡಿದ್ದ ಮಾತು ಮರೆತುಹೋಗಿ ಬರೀ "ನಾನ ಬರದಿದ್ದು" ಎಂದೆ. ಅವಳು ಚಪ್ಪಲಿ ಬಿಡುತ್ತ, "ಹಂಗಾದ್ರ ಇನ್ನೊಂದು ಬರಿ. ನಾನೂ ಬರ್ತೀನಿ ನಾಟಕಕ್ಕ" ಎಂದಳು.

ಮೂರು ದಿನ ನಾವು ಊಟ ನಿದ್ದೆ ನೋಡಲಿಲ್ಲ. ವೀರೇಶ ಮೊದಲ ದಿನ ಬರಲೇ ಇಲ್ಲ; ಮೋರೆ ತೋರಿಸಲು ನಾಚಿಕೆ ಎಂದ. ನೀಮಾ ಅವನಿಗೆ ತಾನೇ ಫೋನು ಮಾಡಿ, "ನಿನ್ನ ಕುಣಿತ ಚೊಲೋ ಐತಿ. ಊರಷ್ಟ ತಪ್ಪೈತಿ" ಎಂದಳು. ಬಂದ. ಹೊಸ ನಾಟಕದಲ್ಲಿ ಮೊದಲು ನಮ್ಮ ಆಫ್ರಿಕಾ ಬರುತ್ತಿತ್ತು, ಮಸಿಯಿಲ್ಲದೆ, ನಮ್ಮನ್ನು ನಾವೇ ಗೇಲಿ ಮಾಡಿಕೊಳ್ಳುವಂತೆ. ಆಮೇಲೆ ನೀಮಾಳ ಇಂಡಿಯಾ, ವಿಷದ ಲೋಟ, ಉಣ್ಣೆಯ ಕೋಟು ಎಲ್ಲ ಸೇರಿ. ಕೊನೆಗೆ ಏನು ಮಾಡುವುದೆಂದು ಯಾರಿಗೂ ಹೊಳೆಯಲಿಲ್ಲ. ಭಾಷಣ ಬೇಡ ಎಂದು ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು. ನೀಮಾ ಒಂದು ಮಾತು ಹೇಳಿದಳು. ಆ ಉಪಾಯಕ್ಕೆ ನಾವೆಲ್ಲ ಹೆದರಿದೆವು, ಮೇಡಂ ಒಬ್ಬರೇ ಒಪ್ಪಿದರು.

ಕಾರ್ಯಕ್ರಮದ ದಿನ ಸಭಾಂಗಣ ತುಂಬಿ ಜನ ಕಿಟಕಿಗಳಲ್ಲಿ ನಿಂತಿದ್ದರು. ಜಪಾನಿನವರ ಬಣ್ಣದ ಛತ್ರಿಗಳಿಗೆ ಚಪ್ಪಾಳೆ ಬಿದ್ದವು. ನಮ್ಮ ಮೊದಲ ಭಾಗಕ್ಕೆ ನಗು ಬಂತು, ಎರಡನೆಯದಕ್ಕೆ ಸಿಳ್ಳೆ ಬಂತು. ಆಮೇಲೆ ನೀಮಾ ಸ್ಟೇಜಿನ ನಡುವೆ ಒಂದು ಕುರ್ಚಿಯಲ್ಲಿ ಕೂತು, "ಈಗ ನಮ್ಮವ್ವಗ ಫೋನ್ ಮಾಡ್ತೀನಿ" ಎಂದು ಮೊಬೈಲನ್ನು ಮೈಕಿನ ಹತ್ತಿರ ಹಿಡಿದಳು.

ಫೋನು ಹೊಡೆದುಕೊಂಡಿತು. ಯಾರೂ ಎತ್ತಲಿಲ್ಲ. ನಾನು ಪರದೆಯ ಪಕ್ಕದಲ್ಲಿ ನಿಂತು ಬೆರಳು ಕಚ್ಚುತ್ತಿದ್ದೆ. ನಿಂತುಹೋಯಿತು. ಹಿಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು, ಯಾರೋ ಕೂಗು ಹಾಕಿದರು. ನೀಮಾ ಮತ್ತೆ ಹಚ್ಚಿದಳು. ಪ್ರಾಂಶುಪಾಲರು ಗಡಿಯಾರ ನೋಡಿಕೊಂಡರು. ಮೇಡಂ ಮಾತ್ರ ಮುಂದಿನ ಸಾಲಿನಲ್ಲಿ ಕೈ ಕಟ್ಟಿ, ಬರಬೇಕಾದ ಬಸ್ಸು ಬಂದೇ ಬರುತ್ತದೆ ಎನ್ನುವವರ ಹಾಗೆ ಕೂತಿದ್ದರು.

ಆರನೆಯದೋ ಏಳನೆಯದೋ ರಿಂಗಿಗೆ ಆ ಕಡೆಯಿಂದ ಒಂದು ದನಿ ಸ್ಪೀಕರಿನಲ್ಲಿ ಸ್ಫೋಟಿಸಿತು. ಫೋನಿನಲ್ಲಿ ಕೂಗಿ ಮಾತಾಡದಿದ್ದರೆ ಅಷ್ಟು ದೂರಕ್ಕೆ ಕೇಳಿಸುವುದಿಲ್ಲ ಎಂದು ನಂಬಿದ ದನಿ. ನಮ್ಮ ಮನೆಗಳ ಎಲ್ಲ ಅವ್ವಂದಿರ ದನಿ. ಹಿಂದೆ ಕೋಳಿ ಕೂಗುತ್ತಿತ್ತು.

"ಉಮೆಕುಲಾ?" ಎಂದಿತು ಅದು.

ನೀಮಾ ಮೈಕಿಗೆ ಬಗ್ಗಿದಳು. "ಉಂಡೇನು ಅಂತ ಕೇಳಾಕತ್ತಾಳ."

ಸಭಾಂಗಣದಲ್ಲಿ ಮೊದಲು ಒಂದು ನಿಟ್ಟುಸಿರಿನಂಥದ್ದು ಹರಿಯಿತು, ಆಮೇಲೆ ಚಪ್ಪಾಳೆ. ತಾಯಿಗೆ ಅದೇನೆಂದು ತಿಳಿಯದೆ ಇನ್ನೂ ಗಟ್ಟಿಯಾಗಿ ಕೂಗಿದಳು. ಭತ್ತದ ಗದ್ದೆಗೆ ಹೊರಟಿದ್ದಳಂತೆ, ಫೋನು ಮರೆತದ್ದು ನೆನಪಾಗಿ ಅರ್ಧ ದಾರಿಯಿಂದ ಓಡಿಬಂದಿದ್ದಳಂತೆ. ಮಗಳ ಮಾತು ಮುಗಿಯುವ ಮೊದಲೇ ಆಕೆ ಇನ್ನೊಂದು ಪ್ರಶ್ನೆ ಕೇಳಿದಳು. ಅದರ ಕೊನೆಯಲ್ಲಿ "ಕೋಟಿ" ಎಂಬ ಶಬ್ದ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ನೀಮಾ ತಲೆಗೆ ಕೈ ಹಚ್ಚಿದಳು. ಅವಳು ಅನುವಾದಿಸುವ ಮೊದಲೇ ಇಡೀ ಸಭಾಂಗಣಕ್ಕೆ ಅರ್ಥವಾಗಿತ್ತು. ಅಲ್ಲಿ ಚಳಿಯಲ್ಲವೇ, ಕೋಟು ಹಾಕಿಕೊಂಡಿದ್ದೀಯಾ. ಆ ನಗು, ಆ ಚಪ್ಪಾಳೆ, ಬೆಂಚು ಗುದ್ದಿದ ಸದ್ದು ನಾನು ಮತ್ತೆ ಎಲ್ಲೂ ಕೇಳಿಲ್ಲ. "ಅಮ್ಮಾ, ಇಲ್ಲಿ ಬಿಸಿಲೈತ್ರಿ" ಎಂದು ಯಾರೋ ಹಿಂದಿನಿಂದ ಕೂಗಿದರು. ಇನ್ನೂರು ಜನ ಒಟ್ಟಿಗೆ ತಾಂಜಾನಿಯಾದ ಒಬ್ಬ ರೈತ ಹೆಂಗಸಿಗೆ ಬಳ್ಳಾರಿಯ ಬಿಸಿಲಿನ ವರದಿ ಒಪ್ಪಿಸಿದರು. ವೀರೇಶ ನನ್ನ ಪಕ್ಕದಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದ.

ಮೊದಲ ಬಹುಮಾನ ನಮಗೇ ಬಂತು. ಅದಕ್ಕಿಂತ ದೊಡ್ಡದು ಮರುದಿನ ಬಂತು. ಪಾರ್ವತಿನಗರದ ಆ ಮನೆಯ ಮಾಲೀಕರ ಮಗಳು ನಮ್ಮ ಕಾಲೇಜಿನವಳೇ, ಸಭಾಂಗಣದಲ್ಲಿದ್ದಳು. ಸಂಜೆ ಆಕೆಯ ತಂದೆ ಒಂದು ಚೀಲ ಮೋಸಂಬಿ ಹಿಡಿದು ಗಾಂಧಿನಗರದ ಮನೆಯ ಗೇಟಿನ ಹೊರಗೆ ನಿಂತಿದ್ದರಂತೆ. ತಪ್ಪಾಯಿತು ಎನ್ನಲು ಬಾಯಿ ಬಾರದೆ, "ಮಗಳು ಭಾಳ ಬೈದ್ಲು. ರೂಮು ಖಾಲಿ ಐತಿ, ಬಂದುಬಿಡವಾ" ಎಂದರಂತೆ. ನೀಮಾ, "ರೂಮು ಬ್ಯಾಡ್ರಿ, ಇಲ್ಲಿ ಆರಾಮ ಅದೀನಿ. ಒಳಗ ಬರ್ರಿ, ಚಾ ಕುಡೀರಿ" ಎಂದಳಂತೆ. ಮೇಡಂ ಇದನ್ನು ನಮಗೆ ಹೇಳುವಾಗ ಪ್ರತಿ ಸಲವೂ ಆ ಚಹಾವನ್ನು ತಾವೇ ಮಾಡಿದ್ದು ಎಂದು ಸೇರಿಸುತ್ತಿದ್ದರು, ಪದಕ ಗೆದ್ದವರ ಹಾಗೆ.

ಆಮೇಲೆ ಶಾಲೆಗಳು ನಮ್ಮನ್ನು ಕರೆಯತೊಡಗಿದವು. ಕುರುಗೋಡಿನಲ್ಲಿ ಮಾಡಿದಾಗ ನಮ್ಮವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ಸಿರುಗುಪ್ಪದಲ್ಲಿ ಮಾಡಿದ ದಿನ ಮೇಡಂ ನಮ್ಮನ್ನೆಲ್ಲ ಮಧ್ಯಾಹ್ನ ರಾರಾವಿಗೆ ಕರೆದುಕೊಂಡು ಹೋದರು. ಕಾಲುವೆಗೆ ನೀರು ಬಂದು ನಾಟಿ ನಡೆದಿತ್ತು. ಅವರ ಅಕ್ಕ ಹುಲಿಗೆಮ್ಮ, ಎಪ್ಪತ್ತರ ಹತ್ತಿರದ ಒಣಕಲು ದೇಹದ ಅಜ್ಜಿ, ಹತ್ತಾರು ಹೆಂಗಸರ ನಡುವೆ ಬಗ್ಗಿ ಸಸಿ ಊರುತ್ತಿದ್ದಳು. ನೀಮಾಳನ್ನು ಕಂಡು ಎಲ್ಲರೂ ಸೊಂಟ ನೆಟ್ಟಗೆ ಮಾಡಿ ನಿಂತರು. ಏನಾಗುತ್ತದೋ ಎಂದು ನನಗೆ ಒಳಗೊಳಗೇ ಅಳುಕು.

ನೀಮಾ ಯಾರನ್ನೂ ಕೇಳಲಿಲ್ಲ. ಚಪ್ಪಲಿ ದಂಡೆಯ ಮೇಲೆ ಬಿಟ್ಟು, ಪೈಜಾಮ ಮೊಣಕಾಲಿಗೆ ಮಡಚಿ ಗದ್ದೆಗೆ ಇಳಿದಳು. ಒಂದು ಕಟ್ಟು ಸಸಿ ಎಡಗೈಗೆ ತೆಗೆದುಕೊಂಡು ಬಲಗೈಯಿಂದ ಊರುತ್ತ ಹಿಂದೆ ಹಿಂದೆ ಸರಿದಳು. ಸಾಲು ದಾರ ಹಿಡಿದಂತೆ ಬಂತು.

ಹುಲಿಗೆಮ್ಮ ಹತ್ತಿರ ಹೋಗಿ ಬಗ್ಗಿ ಸಾಲು ನೋಡಿದಳು. "ಏನ್ ಕೈ ಐತಲೇ ಇಕಿದು. ನಿಮ್ಮ ಕಡೀಗೂ ಭತ್ತ ಹಚ್ಚತಾರೇನವಾ?"

"ಹಚ್ತಾರಬೇ. ಹಿಂಗ ಹಚ್ತಾರ, ಇಲ್ಲೇ ಸೊಂಟ ಹಿಡೀತೈತಿ" ಎಂದು ನೀಮಾ ಬೆನ್ನು ಮುಟ್ಟಿಕೊಂಡಳು. "ನಿಮಗ ಎಲ್ಲಿ ನೋಯ್ತೈತಿ?"

ವಾರ್ಡಿನಲ್ಲಿ ದಿನವೂ ಕೇಳುವ ಪ್ರಶ್ನೆ ಅಭ್ಯಾಸಬಲದಿಂದ ಬಂದದ್ದು. ಹುಲಿಗೆಮ್ಮ, "ಎಲ್ಲಿ ನೋಯಂಗಿಲ್ಲ ಅಂತ ಕೇಳು, ಲಗೂನ ಹೇಳಿ ಮುಗಸ್ತೀನಿ" ಎಂದು ನಗತೊಡಗಿದಳು. ಅದೇನು ನಗುವೋ. ಹಲ್ಲಿಲ್ಲದ ಬಾಯಿ ತೆರೆದು, ಕೆಸರುಗೈ ಮಂಡಿಗೆ ಊರಿ, ಉಸಿರು ಸಿಕ್ಕದೆ ನಕ್ಕಳು. ಸಾಲಿನ ಹೆಂಗಸರೆಲ್ಲ ಸೇರಿದರು.

ದಂಡೆಯ ಮೇಲೆ ನಿಂತಿದ್ದ ಮೇಡಂ ನನ್ನ ತೋಳು ಹಿಡಿದರು. "ಸುಮಾ, ಫೋನ್ ತೆಗಿ. ನಗಾಕತ್ತಾಳ ನೋಡು, ತೆಗಿ. ಥೇಟ್ ನಮ್ಮವ್ವ."

ತೆಗೆದೆ. ಎರಡು ನಿಮಿಷದ ಚಿತ್ರ, ಕೈ ಅಲುಗಿದೆ, ಅಂಚಿನಲ್ಲಿ ನನ್ನ ಹೆಬ್ಬೆರಳು ಬಂದಿದೆ. ಈಗ ನಾನು ಕುರುಗೋಡಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡುತ್ತೇನೆ. ಪ್ರತಿ ವರ್ಷ ಹೊಸ ಮಕ್ಕಳಿಗೆ ಅದನ್ನು ತೋರಿಸುತ್ತೇನೆ. ಇದರಲ್ಲಿ ಪರದೇಶದವರು ಯಾರು ಎಂದು ಕೇಳಿದರೆ, ಗದ್ದೆಗೆ ಬೆನ್ನು ಮಾಡಿ ಒಣ ದಂಡೆಯ ಮೇಲೆ ಬೂಟು ಹಾಕಿ ನಿಂತಿರುವ ವೀರೇಶನನ್ನು ತೋರಿಸಿದ ಮಕ್ಕಳೂ ಉಂಟು.

ನೀಮಾ ಓದು ಮುಗಿಸಿ ತನ್ನೂರಿಗೆ ಹೋಗಿ ಹೆರಿಗೆ ವಾರ್ಡಿನಲ್ಲಿ ಕೆಲಸಕ್ಕೆ ಸೇರಿದಳು. ಹೋದ ವರ್ಷ ಮೇಡಂ ನಿವೃತ್ತರಾದ ತಿಂಗಳೇ ಅವಳ ಮದುವೆಯ ಕರೆ ಬಂತು. ಸೊಲ್ಲಾಪುರದಾಚೆ ಕಾಲಿಡದಿದ್ದ ಹೆಂಗಸು ಪಾಸ್‌ಪೋರ್ಟ್ ಮಾಡಿಸಿದರು, ಚುಚ್ಚುಮದ್ದು ಹಾಕಿಸಿಕೊಂಡರು, ಮೂರು ತಿಂಗಳು ಇದ್ದು ಬರುತ್ತೇನೆ ಎಂದರು. ಗಾಂಧಿನಗರದ ಓಣಿಯವರೆಲ್ಲ ಬಂದು ಬುದ್ಧಿ ಹೇಳಿದರು.

ಬೆಂಗಳೂರಿನ ಬಸ್ಸಿಗೆ ಹತ್ತಿಸಲು ನಾನೂ ನಮ್ಮವ್ವನೂ ಬಳ್ಳಾರಿಯ ನಿಲ್ದಾಣಕ್ಕೆ ಹೋಗಿದ್ದೆವು. ಮಟಮಟ ಮಧ್ಯಾಹ್ನ. ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿ, ಮದುಮಗಳಿಗೆ ಒಂದು ಹಸಿರು ಸೀರೆ. ಅವ್ವ ಕೊನೆಗೂ ತಡೆಯಲಾರದೆ ಕೇಳಿಯೇಬಿಟ್ಟಳು.

"ಅಷ್ಟು ದೂರ ಹೋಗಿ ನಿಮಗ ಹಿಡಿಸಲಿಲ್ಲಂದ್ರ ಏನ್ ಮಾಡ್ತೀರಿ ಮೇಡಂ?"

"ಹಿಡಿಸಲಿಲ್ಲಂದ್ರ ಹಿಡಿಸಲಿಲ್ಲ ಅಂತ ಬಂದು ಹೇಳ್ತೀನಿ" ಎಂದರು ಮೇಡಂ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. "ಆದ್ರ ಅದು ನನ್ನ ಕಣ್ಣೀಲೆ ನೋಡಿ ಹೇಳಿದ್ದಾಗಿರ್ತೈತಿ."

ಮೂರು ತಿಂಗಳು ಕಳೆದು ಎಂಟಾಗಿದೆ. ಅಲ್ಲಿಯ ಹಳ್ಳಿಶಾಲೆಯಲ್ಲಿ ಪಾಠ ಶುರುಮಾಡಿದ್ದಾರಂತೆ, ಮಕ್ಕಳು ಬಿಡುತ್ತಿಲ್ಲವಂತೆ, ಇನ್ನೂ ಬಂದಿಲ್ಲ. ಗಾಂಧಿನಗರದ ಮನೆಗೆ ಬೀಗವಿದೆ. ಆ ಕಡೆ ಹೋದಾಗ ಕಿಟಕಿಯ ಧೂಳು ನೋಡಿ ಬರುತ್ತೇನೆ. ಆದರೆ ನನಗೆ ಅವರು ನೆನಪಾಗುವುದು ಆ ಮಧ್ಯಾಹ್ನದ ಬಸ್ಸಿನಲ್ಲಿ ಕೂತಂತೆಯೇ. ಬಸ್ಸು ಹಿಂದೆ ಸರಿದು ತಿರುಗಿತು. ನಾವಿಬ್ಬರೂ ಕೈ ಎತ್ತಿ ನಿಂತೆವು. ಮೇಡಂ ತಿರುಗಿ ನೋಡಲಿಲ್ಲ. ಪಕ್ಕದ ಸೀಟಿನ ಅಪರಿಚಿತ ಹೆಂಗಸಿನ ಕಡೆ ಪೂರ್ತಿ ತಿರುಗಿ ಕೂತು, ಆಗಲೇ ಏನನ್ನೋ ಕೇಳತೊಡಗಿದ್ದರು.